ಗೋಡೆಗೆ ಹಚ್ಚಿದ ಬ್ಯಾಂಡೇಡ್

ಚಾಮರಾಜನಗರದ ನಮ್ಮ ಮನೆಯಲ್ಲಿ ಅಜ್ಜಿ ಮಲಗುವ ಕೋಣೆಯ ಮಣ್ಣಿನ ಗೋಡೆ ಹೋದ ಮಳೆಗಾಲದಲ್ಲಿ ಬಿರುಕು ಬಿಟ್ಟಿತು. ಅಪ್ಪ ಗಾರೆ ಕೆಲಸದವರು. ಸದ್ಯಕ್ಕೆ ಸಿಮೆಂಟ್ ಮೆತ್ತಿಬಿಡಿ ಎಂದು ಅಮ್ಮ ಹೇಳಿದ್ದಕ್ಕೆ, "ಅದು ಬ್ಯಾಂಡೇಡ್ ಹಾಕ್ದಂಗೆ ಕಣೆ. ಮೇಲೆ ಮುಚ್ಕತದೆ, ಒಳಗೆ ಬಾಯಿ ಬುಟ್ಕಂಡೇ ಇರ್ತದೆ" ಅಂದರು.

ಗೋಡೆ ಕೆಡವಿ ಕಟ್ಟುವ ತನಕ ಅಜ್ಜಿ ನಡುಮನೆಯಲ್ಲಿ ಮಲಗಬೇಕಿತ್ತು. ಆಕೆ ಒಪ್ಪಲಿಲ್ಲ. "ನಿಮ್ತಾತ ನಿಂತ್ಕಂಡು ಕಟ್ಸಿದ ಗ್ವಾಡೆ. ನನ್ ಮೇಲೇ ಬಿದ್ದಾದಾ?"

ಬಿರುಕು ಅಗಲವಾಗುತ್ತಿದೆ ಎಂದು ಕಣ್ಣಾರೆ ತೋರಿಸಬೇಕಾಯಿತು. ಅಪ್ಪ ಕೆಲಸದ ಜಾಗದಲ್ಲಿ ಬಿರುಕಿಗೆ ಅಡ್ಡಲಾಗಿ ಕಾಗದ ಅಂಟಿಸುತ್ತಾರೆ. ಹರಿದರೆ ಗೋಡೆ ಸರಿಯುತ್ತಿದೆ ಎಂದರ್ಥ. ತೇವದ ಗೋಡೆಗೆ ಕಾಗದ ನಿಲ್ಲಲಿಲ್ಲ. ಗುಂಡ್ಲುಪೇಟೆಯ ಕಾಲೇಜಿನಿಂದ ಬರುವಾಗ ಬ್ಯಾಂಡೇಡ್ ತಂದೆ. ನಾಲ್ಕು ಅಂಟಿಸಿದೆ, ಕೊನೆಯದನ್ನು ಸ್ಟೂಲು ಹತ್ತಿ. ಪಕ್ಕದಲ್ಲೇ ಪೆನ್ಸಿಲಿನಿಂದ ತಾರೀಖು ಬರೆದೆ.

ಸೋಮವಾರ ಬೆಳಿಗ್ಗೆ ನೋಡಿದರೆ ಕೆಳಗಿನ ಮೂರೂ ಬ್ಯಾಂಡೇಡ್‌ಗಳ ನಡುವಿನ ಹತ್ತಿಯಲ್ಲಿ ಕೆಂಪು ಒಸರಿತ್ತು. ಬೆರಳಿಗೆ ಕಟ್ಟಿದ ಪಟ್ಟಿಯಲ್ಲಿ ಕಾಣುವ ಹಾಗೆಯೇ. ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಕಾಲಿಡಲಿಲ್ಲ.

ಅಜ್ಜಿ ನಕ್ಕಳು. "ರಕ್ತ ಅಲ್ಲ ಕಣಮ್ಮಿ. ಬರೀ ಪಟ್ಟಿ ಅಂಟಿಸ್ಬುಟ್ರೆ ಗಾಯ ಮಾಯ್ತದಾ? ಪಟ್ಟಿ ಎಬ್ಬಿಸಿ ಒಳಕ್ಕೆ ಅರಿಸ್ನ ತುಂಬ್ದೆ."

ಸುಣ್ಣ ಬಳಿದ ಗೋಡೆ, ಒಳಗೆ ನೀರು, ಮೇಲೆ ಅರಿಶಿನ. ಓಕುಳಿ ಕಲಸಿದವರಿಗೆಲ್ಲ ಗೊತ್ತಿರುವ ಬಣ್ಣ. ನನಗೂ ನಗು ಬಂತು. ಹಾಗೇ ತಲೆಯೆತ್ತಿ ನೋಡಿದೆ. ಮೇಲಿನದೂ ಕೆಂಪಾಗಿತ್ತು.

"ಅಜ್ಜಿ, ಅದ್ಕೂ ತುಂಬಿದ್ಯಾ?"

ಅಜ್ಜಿಯ ಕೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಕೇಳಿಬಿಟ್ಟ ಮೇಲೆ ನನಗೆ ಅದು ನೆನಪಾಯಿತು.

"ಅಲ್ಲಿಗೆ ನನ್ ಕೈ ಎಲ್ಲಿ ಎಟಕ್ತದೆ?" ಎಂದವಳ ನಗು ನಿಂತುಹೋಯಿತು. ಅಮ್ಮ ಮುಟ್ಟಿರಲಿಲ್ಲ, ಅಪ್ಪನೂ ಮುಟ್ಟಿರಲಿಲ್ಲ. ಅಜ್ಜಿ ತುಂಬ ಹೊತ್ತು ಮೇಲೆ ನೋಡುತ್ತಿದ್ದು, ಯಾರೂ ಹೇಳದೆ ಚಾಪೆ ಸುತ್ತಿಕೊಂಡು ನಡುಮನೆಗೆ ನಡೆದಳು.

ಅದೇ ವಾರ ಒಂದು ಮಧ್ಯಾಹ್ನ, ನಾವೆಲ್ಲ ಊಟಕ್ಕೆ ಕೂತಿದ್ದಾಗ, ಗೋಡೆ ಬಿತ್ತು. ಅಜ್ಜಿ ತಲೆಯಿಡುತ್ತಿದ್ದ ಜಾಗದಲ್ಲಿ ಮಂಡಿಯುದ್ದ ಮಣ್ಣು.

ಎರಡು ದಿನ ಬಿಸಿಲು ಕಾದ ಮೇಲೆ ಅಪ್ಪ ಮಣ್ಣು ಎತ್ತಿಹಾಕಿದರು. ಆಗ ಮೇಲಿನ ಬ್ಯಾಂಡೇಡ್ ಸಿಕ್ಕಿತು. ಎರಡು ಹೆಂಟೆಗಳನ್ನು ಹರಿಯದೆ ಹಿಡಿದುಕೊಂಡಿತ್ತು. ಸುತ್ತಲಿನ ಮಣ್ಣೆಲ್ಲ ಒಣಗಿದ್ದರೂ ಅದರ ನಡುವಿನ ಹತ್ತಿ ಇನ್ನೂ ಒದ್ದೆ. ಅಪ್ಪ ಅದರ ತುದಿಗೆ ಉಗುರು ಹಾಕಿದರು.

"ಕೀಳ್ಬ್ಯಾಡ ಕಣ್ಲಾ," ಎಂದಳು ಅಜ್ಜಿ ನಡುಮನೆಯಿಂದಲೇ. "ನೋಯ್ತದೆ."