ಸೆಲ್ಲಾರಿಗೆ ಇಳಿದ ಹೊರೆಗಲ್ಲು

ಕದಿರೇಶನಿಗೆ ಹೊಗಳಿಕೆ ಎಂದರೆ ಪ್ರಾಣ. ಕ್ಯಾಲನೂರಿನ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದಾಗಲೂ ಅಷ್ಟೆ, ನರಸಾಪುರದ ಕಂಪನಿಗಳಿಗೆ ಬಸ್ಸು ಓಡಿಸುವ ಈಗಲೂ ಅಷ್ಟೆ. ಅಂಥವನು ಮನೆ ಕಟ್ಟಿದರೆ ಸುಮ್ಮನೆ ಕಟ್ಟುತ್ತಾನೆಯೇ?

ಮಾಲೂರು ರಸ್ತೆಯಲ್ಲಿ ಅವನು ಕೊಂಡ ಸೈಟು, ಇಟ್ಟಿಗೆಗೂಡಿನವರು ಮಣ್ಣು ತೆಗೆದು ಬಿಟ್ಟುಹೋದ ಗುಂಡಿ. ಎಲ್ಲರೂ ಮಣ್ಣು ತುಂಬಿಸು ಎಂದರು. ಇವನು ಕೇಳಲಿಲ್ಲ. ಗುಂಡಿಯೊಳಗೇ ಗೋಡೆ ಎಬ್ಬಿಸಿ, ಮೇಲೆ ಮೋಲ್ಡ್ ಹಾಕಿಸಿದ. "ಇದು ಸೆಲ್ಲಾರ್ ಕಣೋ. ಸಂಜೆ ಮನೆಯೋರೆಲ್ಲ ಇಲ್ಲೇ ಕೂರೋದು, ನೆಂಟ್ರು ಬಂದ್ರೂ ಇಲ್ಲೇ. ಪೂರ್ತಿ ಹಳ್ಳಿ ಸ್ಟೈಲು," ಎಂದ.

ಹಳ್ಳಿಯಲ್ಲಿ ಹುಟ್ಟಿ ಬೆಳೆದವನು ಹಳ್ಳಿಯನ್ನು ಫೋನಿನಲ್ಲಿ ಹುಡುಕುವುದನ್ನು ನೋಡಿ ನನಗೆ ನಗು ಬರುತ್ತಿತ್ತು. ಆದರೂ ಇದ್ದದ್ದು ಹೇಳಬೇಕು, ಕೋಣೆ ಚೆನ್ನಾಗಿಯೇ ಬಂತು. ಗೋಡೆಗೆ ಗಾರೆ ಬಳಿಸದೆ ಇಟ್ಟಿಗೆಯನ್ನು ಹಾಗೇ ಬಿಟ್ಟ. ಹಳೇ ಗಾಡಿಯ ಚಕ್ರವನ್ನು ತೂಗುಹಾಕಿ ಅದಕ್ಕೆ ಬಲ್ಬು ಕಟ್ಟಿಸಿದ. ಗೋಡೆಯುದ್ದಕ್ಕೂ ಜಗುಲಿ, ಅದರ ಮೇಲೆ ಚಾಪೆ, ದಿಂಬು. "ಒರಳುಕಲ್ಲು ಮಾತ್ರ ತರಬೇಡಿ, ರುಬ್ಬೋಳು ನಾನಲ್ಲ," ಎಂದು ಹೆಂಡತಿ ಮುನಿಲಕ್ಷ್ಮಿ ಮೊದಲೇ ಹೇಳಿಬಿಟ್ಟಿದ್ದಳು. ಉಳಿದದ್ದು ನಡುವಿಗೊಂದು ಮೇಜು.

ಆಗ ಅವನ ಕಣ್ಣು ನಮ್ಮೂರ ಹೊರೆಗಲ್ಲಿನ ಮೇಲೆ ಬಿತ್ತು. ಎರಡು ನಿಲುವುಗಲ್ಲು, ಮೇಲೊಂದು ಅಡ್ಡ ಚಪ್ಪಡಿ. ಹುಲ್ಲೋ ಸೌದೆಯೋ ಹೊತ್ತು ಬರುವವರು ತಲೆಯ ಹೊರೆಯನ್ನು ಅದರ ಮೇಲೆ ಸರಿಸಿ ಸುಧಾರಿಸಿಕೊಳ್ಳಲಿ ಎಂದು ಹಿಂದಿನವರು ದಾರಿಬದಿಯಲ್ಲಿ ನಿಲ್ಲಿಸಿದ್ದು. ರಸ್ತೆ ಅಗಲ ಮಾಡುವಾಗ ಉರುಳಿ, ಚಪ್ಪಡಿ ಪೊದೆಯಲ್ಲಿ ಬಿದ್ದಿತ್ತು. ಊರಲ್ಲಿ ಯಾರೂ ಏನೂ ಕೇಳಲಿಲ್ಲ. ಕದಿರೇಶ ಅದನ್ನು ಟ್ರ್ಯಾಕ್ಟರಿಗೆ ಹೇರಿ, ಕಲ್ಲು ಕೆತ್ತುವವರ ಊರು ಶಿವಾರಪಟ್ಟಣಕ್ಕೆ ಒಯ್ದು ಮಿಷಿನ್ನಿನಲ್ಲಿ ಉಜ್ಜಿಸಿದ. ಕೂತವರ ಮಂಡಿ ತರಚದಿರಲೆಂದು ಅಂಚನ್ನೂ ನುಣ್ಣಗೆ ಮಾಡಿಸಿ, ಗಿಡ್ಡ ಕಾಲುಗಳ ಮೇಲೆ ಕೂರಿಸಿದ.

ಗೃಹಪ್ರವೇಶದ ಮರುದಿನ ಬಾಡೂಟ. ಬಂದವರೆಲ್ಲ ಸೆಲ್ಲಾರ್ ನೋಡಿ ಹೊಗಳಿದ್ದೇ ಹೊಗಳಿದ್ದು. ಆದರೆ ಅವನಿಗೆ ಬೇಕಿದ್ದ ಹೊಗಳಿಕೆ ಒಬ್ಬಳದೇ. ತಾಯಿ ಸತ್ತ ಮೇಲೆ ಅವನನ್ನು ಸಾಕಿದ ಸೋದರತ್ತೆ ದೊಡ್ಡಗಂಗಮ್ಮ, ಈ ವಯಸ್ಸಿನಲ್ಲೂ ಹಸು ಸಾಕಿ ಡೇರಿಗೆ ಹಾಲು ಹಾಕುವವಳು. ಯಾರನ್ನೂ ಹೊಗಳಿದವಳಲ್ಲ. "ಅತ್ತೆ ಒಂದ್ಸಲ ಚೆನ್ನಾಗದೆ ಅಂದ್ರೆ ಸಾಕು ಕಣೋ," ಎಂದು ಬೆಳಗಿನಿಂದ ನನ್ನ ತಲೆ ತಿಂದಿದ್ದ.

ಕೈ ಹಿಡಿದು ಅವಳನ್ನು ಮೆಟ್ಟಿಲು ಇಳಿಸಿಕೊಂಡು ಬಂದ. ನಾವು ಗಂಡಸರೆಲ್ಲ ಅಲ್ಲೇ ಇದ್ದೆವು. ಕಲ್ಲಿನ ಮೇಲೆ ಬಿಯರ್ ಬಾಟಲಿಗಳು, ಕಬಾಬ್ ತಟ್ಟೆಗಳು. ಬಸ್ಸಿನ ಕಾಂಟ್ರಾಕ್ಟ್ ಕೊಡಿಸಿದ ಅಮರನಾಥ್ ಕಾಲು ಚಾಚಿ ಎರಡೂ ಪಾದ ಅದರ ಮೇಲಿಟ್ಟಿದ್ದರು. ನನ್ನ ಗ್ಲಾಸೂ ಅಲ್ಲೇ ಇತ್ತು, ಸುಳ್ಳು ಯಾಕೆ.

"ನೋಡತ್ತೆ, ನಮ್ಮೂರ್ ಕಲ್ಲು. ಹುಣಸೆಮರದ ತಾವ ಇತ್ತಲ್ಲ, ಹೊರೆಗಲ್ಲು."

ದೊಡ್ಡಗಂಗಮ್ಮ ಬಗ್ಗಿ, ಕಲ್ಲಿನ ಅಂಚನ್ನು ಬೆರಳಿನಿಂದ ಸವರುತ್ತ ಈ ತುದಿಯಿಂದ ಆ ತುದಿಗೆ ಹೋದಳು. ಮತ್ತೆ ಹಿಂದಕ್ಕೆ ಬಂದಳು.

"ಇಲ್ಲೊಂದ್ ಗೊಂಬೆ ಕೆತ್ತಿತ್ತಲ್ಲ ನಾಯನಾ. ಮಗು ಎತ್ಕೊಂಡಿರೋ ಹೆಂಗ್ಸು."

ಗೊಂಬೆ ಇದೆ, ಉಳಿಸಲೇ ಎಂದು ಮಿಷಿನ್ನಿನವನು ಕೇಳಿದ್ದನಂತೆ. ಹೊಡೆದುಹಾಕು ಎಂದವನು ಕದಿರೇಶನೇ.

"ಅದು ನಂಗೂ ನಿಮ್ಮಪ್ಪಂಗೂ ದೊಡ್ಡಕ್ಕ ಕಣೋ, ಮುನಿಗಂಗಮ್ಮ. ತುಂಬಿದ್ ಬಸುರಿ, ಹುಲ್ಲಿನ ಹೊರೆ ಹೊತ್ಕೊಂಡ್ ಬರ್ತಿದ್ಲು. ಕೈ ಕೊಟ್ಟು ಇಳ್ಸೋಕೆ ದಾರೀಲಿ ಒಂದ್ ನರಪಿಳ್ಳೆ ಇರ್ಲಿಲ್ಲ. ಅಲ್ಲೇ ಬಿದ್ದೋದ್ಳು. ಇನ್ನೊಬ್ಬಳಿಗೆ ಹಂಗಾಗ್ಬಾರ್ದು ಅಂತ ನಮ್ಮಪ್ಪ ನಿಲ್ಸಿದ್ ಕಲ್ಲು ಇದು."

"ನಂಗ್ಯಾರೂ ಹೇಳ್ಲಿಲ್ವಲ್ಲ ಅತ್ತೆ."

"ಬಸುರೀಲಿ ಹೋದೋರ ಹೆಸರು ಮನೇಲಿ ಎತ್ತಲ್ಲ. ಕಲ್ಲು ನಿಲ್ಸಿ ಸುಮ್ನಾಗ್ತಾರೆ."

ಅಮರನಾಥ್ ಮೆಲ್ಲಗೆ ಕಾಲು ತೆಗೆದರು. ನಾನು ಗ್ಲಾಸ್ ಎತ್ತಿಕೊಂಡೆ, ಎಲ್ಲಿಡುವುದೆಂದು ತೋಚಲಿಲ್ಲ. ಅವಳು ಯಾರನ್ನೂ ಬೈಯಲಿಲ್ಲ. ಕಲ್ಲಿನ ಮೇಲೆ ಬಿದ್ದಿದ್ದ ಮೂಳೆಚೂರುಗಳನ್ನು ಸೆರಗಿನಿಂದ ಒರೆಸಿ, ಊಟ ಮಾಡದೆ ಹೊರಟಳು. ಬೈದಿದ್ದರೆ ಕದಿರೇಶ ಬದುಕಿಕೊಳ್ಳುತ್ತಿದ್ದ. ಆ ಮೂಳೆಚೂರು ನೆನಪಾದಾಗಲೆಲ್ಲ ನನಗೇ ಮೈ ಹಿಡಿಯಾಗುತ್ತದೆ, ಅವನಿಗೆ ಹೇಗಾಗಿರಬೇಡ.

ಆಮೇಲೆ ಅವನು ಸೆಲ್ಲಾರಿಗೆ ಬೀಗ ಹಾಕಿದ. ಊರ ಕಡೆ ಬಂದರೆ ತಲೆ ತಗ್ಗಿಸಿ ಓಡಾಡುತ್ತಿದ್ದ. ಒಂದು ದಿನ ಧೈರ್ಯ ಮಾಡಿ ಅತ್ತೆಯ ಬಾಗಿಲಿಗೆ ಹೋಗಿ, "ಕಲ್ಲು ಮತ್ತೆ ನಿಲ್ಲಿಸ್ತೀನಿ. ಗೊಂಬೇನೂ ಕೆತ್ತಿಸ್ತೀನಿ," ಎಂದ.

"ಯಾರ ಮುಖ ನೋಡಿ ಕೆತ್ತಿಸ್ತೀಯಾ?" ಎಂದು ಕೇಳಿ ಅವಳು ಒಳಗೆ ಹೋದಳು.

ಗೊಂಬೆ ಕೆತ್ತಿಸಲಿಲ್ಲ. ಹೊಸ ನಿಲುವುಗಲ್ಲು ನೆಟ್ಟು, ರಸ್ತೆಯ ಪಕ್ಕ, ಮೊದಲಿದ್ದಂತೆ ಭುಜದೆತ್ತರಕ್ಕೆ ಚಪ್ಪಡಿ ಕೂರಿಸಿದ. ಯಾರಿಗೂ ಹೇಳಿರಲಿಲ್ಲ, ನಾನೊಬ್ಬನೇ ಜೊತೆಗಿದ್ದೆ. ಕೆಲಸ ಮುಗಿಯುವ ಹೊತ್ತಿಗೆ ದೊಡ್ಡಗಂಗಮ್ಮ ಬರುವುದು ಕಂಡಿತು. ತಲೆಯ ಮೇಲೆ ಹುಲ್ಲಿನ ಹೊರೆ, ಕತ್ತು ನಡುಗುತ್ತಿತ್ತು. ಕದಿರೇಶ ಓಡಿಹೋಗಿ ಹೊರೆಗೆ ಕೈ ಚಾಚಿದ.

"ಬಿಡು ನಾಯನಾ. ಯಾರ್ನೂ ಕರೀಬೇಕಾಗ್ಬಾರ್ದು ಅಂತಾನೇ ಅಲ್ವಾ ಈ ಕಲ್ಲು?"

ಅವನನ್ನು ದಾಟಿ ಬಂದು ಹೊರೆಯನ್ನು ಕಲ್ಲಿನ ಮೇಲೆ ಸರಿಸಿದಳು. ಕೈ ತಾನಾಗಿ ಅಂಚಿಗೆ ಹೋಯಿತು, ಗೊಂಬೆಯಿದ್ದ ನುಣ್ಣನೆಯ ಜಾಗದಲ್ಲಿ ನಿಂತಿತು. ಕದಿರೇಶ ಚಾಚಿದ ಕೈಗಳನ್ನು ಹಾಗೇ ಇಟ್ಟುಕೊಂಡು ನಿಂತಿದ್ದ.