ಹನ್ನೊಂದು ಕಯಾಕುಗಳ ಕಾಕಾ

ಕಾಕಾ ಅವರ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಎಪಾಕ್ಸಿ ಅಂಟು, ಉಪ್ಪುಕಾಗದ ಎರಡೂ ಸೇರಿ ತುದಿಗಳನ್ನು ನುಣ್ಣಗೆ ತಿಂದುಹಾಕಿದ್ದವು. ದ್ವಾರಕಾ ನಗರ ಬಡಾವಣೆಯ ಬ್ಯಾಂಕಿನಲ್ಲಿ ಪಿಂಚಣಿಗೆಂದು ಹೆಬ್ಬೆಟ್ಟು ಒತ್ತಿದರೆ ಮಷೀನು ಕೆಂಪು ದೀಪ ತೋರಿಸುತ್ತಿತ್ತು. "ಬದುಕೇನಿ ಅಂದ್ರೂ ನಂಬವಲ್ದು ನೋಡ್ರಿ" ಎಂದು ನಗುತ್ತಿದ್ದರು.

ಬಾಗಲಕೋಟೆ ಕಡೆಯವರು, ಹಡಗುಕಟ್ಟೆಯಲ್ಲಿ ಬಡಗಿಯಾಗಿದ್ದು ನಿವೃತ್ತರಾದವರು. ವಿಶಾಖಪಟ್ಟಣದಲ್ಲಿ ನಮ್ಮ ಕೆಳಗಿನ ಮನೆ ಅವರದು. ನಾನು ಮಂಡ್ಯದವನು, ಹೆಂಡತಿ ತೆಲುಗಿನವಳು. ಮನೆಯಲ್ಲಿ ಕನ್ನಡ ಸೊರಗುತ್ತಿದ್ದಾಗ ನನಗೆ ಮಾತಿಗೆ ಸಿಕ್ಕವರು ಅವರೇ. ನನ್ನ ಕನ್ನಡವನ್ನು "ಬೆಣ್ಣಿ ಹಚ್ಚಿದ ಕನ್ನಡ" ಎಂದು ಅಣಕಿಸುತ್ತಿದ್ದರು. ಕಾರು ನಿಲ್ಲಿಸುವ ಜಾಗದಲ್ಲಿ ಪ್ಲೈವುಡ್ ಹಲಗೆ ಬಗ್ಗಿಸಿ, ಮೇಲೆ ಫೈಬರ್ ಬಟ್ಟೆ ಹೊದಿಸಿ ಒಬ್ಬರೇ ಕೂರುವ, ಕಯಾಕು ಎಂಬ ಕಿರಿದಾದ ದೋಣಿ ಕಟ್ಟುತ್ತಿದ್ದರು. ಒಂದಕ್ಕೆ ಐದಾರು ತಿಂಗಳು. ಒಟ್ಟು ಹನ್ನೊಂದು ಕಟ್ಟಿ ಮಾರಿದರು.

ಮಾರುವುದಕ್ಕೆ ಅವರದೊಂದು ಕಟ್ಟಳೆ ಇತ್ತು. ಕೊಳ್ಳುವವನನ್ನು ಭೀಮಿಲಿಯ ಹಿನ್ನೀರಿಗೆ ಕರೆದೊಯ್ದು, ದೋಣಿಯಲ್ಲಿ ಕೂರಿಸಿ, ಮೂರು ಸಲ ಬುಡಮೇಲು ಮಾಡುತ್ತಿದ್ದರು. ಮೂರು ಸಲವೂ ತಾನಾಗಿ ಹೊರಬಂದರಷ್ಟೇ ವ್ಯಾಪಾರ. ಕೆಲವರು ಮೂಗಿಗೆ ನೀರು ನುಗ್ಗಿ ಬೈದುಕೊಂಡು ಹೋದದ್ದೂ ಉಂಟು. "ಒಳಗ ಹೋಗಿ ಕುಂಡ್ರೂದು ಎಲ್ಲಾರಿಗೂ ಬರ್ತೈತ್ರಿ. ಹೊರಗ ಬರೂದು ಕಲೀಬೇಕು" ಎನ್ನುತ್ತಿದ್ದರು. ಮಾರಿದ ಮೇಲೆ ನನಗೆ ಸಂಬಂಧವಿಲ್ಲ ಎಂದು ಒಂದು ಕಾಗದ ಬರೆಸಿಕೊಳ್ಳಿ ಎಂದು ನಾನು ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ನಾಲ್ಕನೆಯ ಕಯಾಕನ್ನು ನೌಕಾಪಡೆಯ ಅಧಿಕಾರಿಯೊಬ್ಬರು ಕೊಂಡಿದ್ದರು. ವರ್ಗವಾದಾಗ ಅವರು ಅದನ್ನು ವಿಜಯವಾಡದಲ್ಲಿ ದೋಣಿ ಬಾಡಿಗೆಗೆ ಕೊಡುವವನೊಬ್ಬನಿಗೆ ಮಾರಿದರು. ಅವನು ಬೇರೆ ಬಣ್ಣ ಬಳಿದು, ಗಿರಾಕಿಯ ಕಾಲಿಗೆ ಆಸರೆಯಿರಲಿ ಎಂದು ಕೂರುವ ಜಾಗದ ಮುಂದೆ ಅಡ್ಡ ಹಲಗೆಯೊಂದನ್ನು ಬಿಗಿದ. ಒಂದು ಸಂಜೆ ಕೃಷ್ಣೆಯಲ್ಲಿ ಅದು ಮಗುಚಿತು. ಒಳಗಿದ್ದ ಕಾಲೇಜು ಹುಡುಗಿಯ ಕಾಲು ಹಲಗೆಗೆ ಸಿಕ್ಕಿಕೊಂಡಿತು. ಹೊರಬರುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಬೆಸ್ತರು ಎಳೆದು ಜೀವ ಉಳಿಸಿದರು, ಕಾಲು ಮೊದಲಿನಂತಾಗಲಿಲ್ಲ.

ಬಾಡಿಗೆಯವನು, ತಾನು ಕೊಂಡಾಗಲೇ ದೋಣಿ ಹೀಗಿತ್ತು ಎಂದ. ಅಧಿಕಾರಿ, ತಾನು ಮಾರಿಯಾಗಿದೆ ಎಂದರು. ಪೊಲೀಸರು ಕೇಳಿದ್ದಕ್ಕೆ ಕಾಕಾ ಅವರ ನಂಬರು ಕೊಟ್ಟರು. ಠಾಣೆಯಿಂದ ಕರೆ ಬಂದ ದಿನ ಕಾಕಾ ಊಟ ಬಿಟ್ಟರು. ಉಳಿದ ಹತ್ತು ಕಯಾಕು ಕೊಂಡವರಿಗೆಲ್ಲ ಫೋನು ಮಾಡತೊಡಗಿದರು. ಮೂವರ ನಂಬರು ಚಾಲ್ತಿಯಲ್ಲೇ ಇರಲಿಲ್ಲ.

"ಇಪ್ಪತ್ತು ವರ್ಷ ಬಾಳೂಹಂಗ ಮಾಡೇನ್ರಿ, ತಪ್ಪ ಮಾಡಿದೆ. ಎರಡು ವರ್ಷಕ್ಕ ಮುರದು ಹೋಗಿದ್ರ ನಾ ಪಾರಾಗ್ತಿದ್ದೆ. ಈಗ ಯಾವ ನೀರಾಗ ಯಾರು ಕುಂತಾರೋ" ಎಂದು ಗೋಡೆ ನೋಡುತ್ತ ಹೇಳಿದರು. ಕಟ್ಟಿದ್ದರ ಗಟ್ಟಿತನವೇ ಹೀಗೆ ಮನುಷ್ಯನ ಕುತ್ತಿಗೆಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಹೊರಗೆ ಅರ್ಧ ಕಟ್ಟಿದ್ದ ಹನ್ನೆರಡನೆಯ ದೋಣಿಯನ್ನು ಅವರು ಆಮೇಲೆ ಮುಟ್ಟಲೇ ಇಲ್ಲ.

ನಾವಿಬ್ಬರೂ ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೊರಟೆವು. ಅನಕಾಪಲ್ಲಿ ದಾಟುವವರೆಗೂ ನಾನೇ ಪಾಠ ಹೇಳಿಕೊಟ್ಟೆ: ಬಣ್ಣ ಬದಲಾಗಿದೆ, ಬಿಲ್ಲಿಲ್ಲ, ಕಾಗದವಿಲ್ಲ, ನನ್ನದಲ್ಲ ಅಂದುಬಿಡಿ.

ಠಾಣೆಯ ಹಿಂದೆ ಮುರುಕು ಬೈಕುಗಳ ನಡುವೆ ಕಯಾಕು ಬಿದ್ದಿತ್ತು. ಹುಡುಗಿಯ ತಂದೆ ಒಂದು ಬದಿ ನಿಂತಿದ್ದರು. ಕಾಕಾ ಮಂಡಿಯೂರಿ ಒಳಗೆ ಕೈ ಹಾಕಿ ಕೀಲುಗಳನ್ನೆಲ್ಲ ಸವರಿದರು. ಒಂದೂ ಬಿಟ್ಟಿರಲಿಲ್ಲ. ನಾನು ಅವರ ತೋಳು ಹಿಡಿದು ಎಳೆದು, "ಬೇಡ ಕಾಕಾ, ನನ್ನದಲ್ಲ ಅಂದುಬಿಡಿ" ಎಂದೆ. ಅವರು ಕೊಸರಿಕೊಂಡು ಎದ್ದು ಇನ್ಸ್‌ಪೆಕ್ಟರಿಗೆ ತೆಲುಗಿನಲ್ಲಿ ಹೇಳಿದರು: "ನಾದೇನಂಡಿ. ನೇನೇ ಚೇಶಾನು." ನನ್ನದೇ, ನಾನೇ ಮಾಡಿದ್ದು. ಹಲಗೆ ಮಾತ್ರ ತನ್ನದಲ್ಲ ಎಂದೂ ಹೇಳಿದರು. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಪೇದೆ ಮೊದಲನೆಯದನ್ನು ಬರೆದುಕೊಂಡಷ್ಟು ಬೇಗ ಎರಡನೆಯದನ್ನು ಬರೆದುಕೊಳ್ಳಲಿಲ್ಲ.

ಹಿಂದಿರುಗುವಾಗ ನನಗೆ ತಡೆಯಲಾಗಲಿಲ್ಲ. "ನಿಮ್ಮ ಕಾಲಿನ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಂಡ್ರಲ್ಲ!"

"ಎಲ್ಲಾರೂ ನಂದಲ್ಲ ನಂದಲ್ಲ ಅಂದ್ರ ಆ ಹುಡುಗಿ ಯಾರನ್ನ ಕೇಳಬೇಕ್ರೀ? ದೋಣಿ ಏನು ತಾನ ಹುಟ್ಟಿ ಬಂತೇನು?"

ಪರವಾನಗಿಯಿಲ್ಲದೆ ದೋಣಿ ತಯಾರಿಸಿದವರೆಂದು ಅವರೂ ಪ್ರಕರಣದಲ್ಲಿ ಸೇರಿದರು. ಮೂರು ವರ್ಷ ಕೋರ್ಟು ಕರೆದಾಗಲೆಲ್ಲ ವಿಜಯವಾಡಕ್ಕೆ ಹೋದರು. ತಮ್ಮ ಹೆಸರು ಕೂಗುವುದು ಯಾವಾಗಲೋ ಎಂದು ವರಾಂಡದ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ವಿಚಾರಣೆ ಮುಂದಕ್ಕೆ ಹೋಗುತ್ತಿತ್ತು, ಅವರು ಅಲ್ಲೇ ಇರುತ್ತಿದ್ದರು. ಕಳೆದ ಶ್ರಾವಣದಲ್ಲಿ, ಮತ್ತೊಂದು ವಿಚಾರಣೆಗೆ ನಾಲ್ಕು ದಿನವಿದ್ದಾಗ ಎದೆನೋವು ಬಂದು ತೀರಿಕೊಂಡರು.

ಕೋರ್ಟಿಗೆ ಅವರ ಮರಣ ಪ್ರಮಾಣಪತ್ರ ಒಪ್ಪಿಸಲು ನಾನು ಹೋದೆ. ಅವರ ಮೇಲಿನ ಪ್ರಕರಣ ಅಲ್ಲಿಗೆ ಮುಗಿಯಿತೆಂದು ವಕೀಲರು ಹೇಳಿದರು. ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಹೊರಬಂದರೆ ಹುಡುಗಿಯ ತಂದೆ ನನ್ನ ಎರಡೂ ಕೈ ಹಿಡಿದುಕೊಂಡರು. "ಇಷ್ಟು ಜನರಲ್ಲಿ ಅವರೊಬ್ಬರೇ ನನ್ನದು ಅಂದರು" ಎಂದು ತೆಲುಗಿನಲ್ಲಿ ಹೇಳಿ ಅತ್ತರು. ನೀವು ಜೊತೆಗಿದ್ದಿರಿ, ಪುಣ್ಯವಂತರು ಎಂದರು. ಠಾಣೆಯ ಹಿಂದೆ ನಾನು ಕನ್ನಡದಲ್ಲಿ ಏನು ಹೇಳಿದೆನೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಸುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.