ಸಭೆಗೆ ಹೋದ ಹೊಗೆಸೊಪ್ಪು

ನನ್ನ ಮೊಮ್ಮಗಳು ಪಂಚಾಯಿತಿ ಮೆಂಬರು. ಯಾರು ಕೇಳಲಿ ಬಿಡಲಿ, ಇದನ್ನು ಮಾತ್ರ ನಾನು ಹೇಳಿಯೇ ತೀರುತ್ತೇನೆ. ಅವಳೇನೋ ಗೆದ್ದಳು, ಅವಳ ಗುಂಪು ಸೋತಿತು. ಅಧಿಕಾರವೆಲ್ಲ ಮೇಲಿನ ಬೀದಿಯ ಅಧ್ಯಕ್ಷರ ಕಡೆಗೆ. ಮೀಟಿಂಗಿನಲ್ಲಿ ಇವಳು ಬಾಯಿ ತೆರೆದರೆ "ಆಯ್ತು, ಕುಂತ್ಕವ್ವ" ಅನ್ನುತ್ತಿದ್ದರಂತೆ. ಇವಳು ಕುಳಿತುಕೊಂಡೇ ಪ್ರಶ್ನೆ ಕೇಳುತ್ತಿದ್ದಳಂತೆ. ನನ್ನ ಮೊಮ್ಮಗಳಲ್ಲವೇ.

ಬೇಸಿಗೆ ಬಂದರೆ ನಮ್ಮ ಕೆಳಗಿನ ಬೀದಿಯ ನಲ್ಲಿಗಳು ಒಣಗುತ್ತವೆ. ಹೊಲದ ಬೋರಿನಿಂದ ನೀರು ಹೊರಬೇಕು. ಹೋದ ವರ್ಷ ನಮಗೆಂದು ಮಂಜೂರಾಗಿದ್ದ ಟ್ಯಾಂಕನ್ನು ಮೇಲಿನ ಬೀದಿಗೆ ಒಯ್ಯಲು ಅವರು ಹೊಂಚಿದರು. ಅದಕ್ಕೆ ಗ್ರಾಮಸಭೆಯಲ್ಲಿ ಜನ ಕೈ ಎತ್ತಬೇಕು. ಸಭೆ ಇಟ್ಟದ್ದು ಯಾವಾಗ? ಹೊಗೆಸೊಪ್ಪು ಮುರಿಯುವ ಕಾಲದಲ್ಲಿ, ಅದೂ ನಮ್ಮ ಬೀದಿಯವರು ಬ್ಯಾರನ್, ಅಂದರೆ ಸೊಪ್ಪು ಬೇಯಿಸುವ ಮನೆ, ತುಂಬುವ ದಿನ. ಮುರಿದ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಅಂದೇ ಬ್ಯಾರನ್ನಿಗೆ ಏರಿಸಬೇಕು, ಇಲ್ಲದಿದ್ದರೆ ಕೆಟ್ಟಿತು. ಅದನ್ನು ಬಿಟ್ಟು ಯಾರು ಬರುತ್ತಾರೆ ಸಭೆಗೆ?

ಬೆಳಿಗ್ಗೆ ಮೊಮ್ಮಗಳು ಸೊಪ್ಪಿನ ರಾಶಿಯ ಪಕ್ಕ ಮುಖ ಸಣ್ಣ ಮಾಡಿಕೊಂಡು ನಿಂತಳು.

"ಅಜ್ಜಿ, ನಾನೊಬ್ಳೇ ವೋಗಿ ಏನ್ ಮಾಡ್ಲಿ?"

"ಒಬ್ಳೇ ಯಾಕಮ್ಮಿ ವೋಯ್ತೀಯ? ಸೊಪ್ಪು ಕಟ್ಟಕ್ಕೆ ಯಾವ ಜಾಗ ಆದ್ರೇನು? ಟ್ರ್ಯಾಕ್ಟ್ರು ಕರಿ" ಎಂದೆ.

ಪಂಚಾಯಿತಿ ಮುಂದಿನ ಹೊಂಗೆ ಮರದ ಕೆಳಗೆ ಸೊಪ್ಪು ಸುರಿದು, ನಮ್ಮ ಬೀದಿಯ ಹೆಂಗಸರೆಲ್ಲ ಕಾಲು ಚಾಚಿ ಕಟ್ಟಲು ಕೂತೆವು. ಅಧ್ಯಕ್ಷರು ದಡಬಡ ಬಂದರು.

"ಏನಜ್ಜಿ ಇದು, ಸಭೇನಾ ಬ್ಯಾರನ್ನಾ?"

"ನೀವ್ ಮಾತಾಡ್ರಪ್ಪ. ಕೈಗ್ ಮಾತ್ರ ಕೆಲ್ಸ, ಕಿವಿ ಪುರ್ಸೊತ್ತಾಗವೆ."

ನಾವು ಬರುವುದಿಲ್ಲವೆಂದು ನಂಬಿ ಅವರೂ ಜನ ಸೇರಿಸಿರಲಿಲ್ಲ. ಮೊಮ್ಮಗಳು ಎದ್ದು ನಿಂತು, ಬೇಸಿಗೆಯಲ್ಲಿ ನಲ್ಲಿ ಒಣಗುವುದು ಯಾವ ಬೀದಿಯಲ್ಲಿ, ಟ್ಯಾಂಕು ಹೋಗುತ್ತಿರುವುದು ಎಲ್ಲಿಗೆ ಎಂದು ನೇರವಾಗಿ ಕೇಳಿದಳು. ಕುಂತ್ಕವ್ವ ಅನ್ನಲು ಎದ್ದ ಅಧ್ಯಕ್ಷರು ನಮ್ಮ ಗುಂಪಿನ ಕಡೆ ನೋಡಿ ತಾವೇ ಕುಂತರು. ಪಿರಿಯಾಪಟ್ಟಣದಿಂದ ಬಂದಿದ್ದ ಅಧಿಕಾರಿ, "ಟ್ಯಾಂಕು ಕೆಳಗಿನ ಬೀದೀಲೇ ಇರಲಿ ಅನ್ನೋರು ಕೈ ಎತ್ತಿ" ಎಂದರು. ಸೊಪ್ಪಿನ ಅಂಟು ಹಿಡಿದು ಕಪ್ಪಾದ ಕೈಗಳು ಒಟ್ಟಿಗೆ ಮೇಲೆದ್ದವು. ನಾನು ಎರಡೂ ಎತ್ತಿಬಿಟ್ಟಿದ್ದೆ; ಪಕ್ಕದವಳು ಒಂದನ್ನು ಎಳೆದು ಇಳಿಸಿದಳು.

ಟ್ಯಾಂಕು ನಮ್ಮಲ್ಲೇ ಉಳಿಯಿತು. ಹೊರಡುವಾಗ ಅಧ್ಯಕ್ಷರು ಮೊಮ್ಮಗಳ ಹತ್ತಿರ ನಿಂತು, "ಇನ್ನೂ ಎಲ್ಡು ವರ್ಸ ಅಧಿಕಾರ ನಮ್ದೇ ಕಣವ್ವ, ಗ್ಯಾನ ಇರ್ಲಿ" ಎಂದರು.

"ಇರ್ಲಿ ಬುಡಿ ಅಣ್ಣ" ಎಂದಳು. "ಕೇಳಕ್ಕೆ ನಮ್ಗೂ ಅಷ್ಟೇ ಟೇಮದೆ."